ಹಳೆ ಕಟ್ಟಡ ನೋಡಲು ಹೋದರೆ ಗೋಡೆಯ ಬುಡವನ್ನೂ ನೋಡಿ

ಬೆಂಗಳೂರು, ಮೈಸೂರಿನ ಹಳೆ ಸರ್ಕಾರಿ ಕಟ್ಟಡಗಳನ್ನು ನೋಡಲು ಹೋದವರು ಕಂಬ, ಕಮಾನುಗಳ ಫೋಟೊ ತೆಗೆದು ಬಂದುಬಿಡುತ್ತಾರೆ. ಇಂಥವುಗಳ ದುರಸ್ತಿಯೇ ನನ್ನ ಕೆಲಸ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಬುಡದ ಮೂರಡಿಗೆ, ಆಮೇಲೆ ತಾರಸಿಗೆ. ಕಟ್ಟಡದ ಆರೋಗ್ಯ ಅಲ್ಲೇ ಗೊತ್ತಾಗುತ್ತದೆ.

ಕಬ್ಬನ್ ಪಾರ್ಕಿನಿಂದ ಶುರು ಮಾಡಿ. ಅಲ್ಲಿನ ಅಠಾರಾ ಕಚೇರಿ 1868ರಲ್ಲಿ ಮುಗಿದದ್ದು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದ ಸರ್ಕಾರಿ ಕಚೇರಿಗಳನ್ನು ಇಲ್ಲಿಗೆ ತಂದರು. ಹದಿನೆಂಟು ಇಲಾಖೆಗಳಿದ್ದಿದ್ದಕ್ಕೇ ಆ ಹೆಸರು. ಈಗ ಹೈಕೋರ್ಟ್, ಸುಮ್ನೆ ಒಳಗೆ ಬಿಡುವುದಿಲ್ಲ. ಆದರೆ ಪಾರ್ಕ್ ಕಡೆಯಿಂದ ಚೆನ್ನಾಗಿ ಕಾಣುತ್ತದೆ. 1980ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು, ಜನ ಕೋರ್ಟಿನವರೆಗೂ ಹೋದರು, ಕಟ್ಟಡ ಉಳಿಯಿತು. ವಿಧಾನಸೌಧದ ಎದುರು ಆ ಕೆಂಪು ಗೋಡೆ ಇಲ್ಲದಿದ್ದರೆ ಹೇಗಿರುತ್ತಿತ್ತು ಅಂತ ನೆನೆಸಿಕೊಂಡರೇ ಸಂಕಟವಾಗುತ್ತದೆ.

ಒಳಗೆ ಕೂತು ನೋಡಬೇಕೆಂದರೆ ಪಾರ್ಕಿನಲ್ಲೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ, ಕೇಂದ್ರ ಗ್ರಂಥಾಲಯ. ಒಂದು ಪೇಪರ್ ಹಿಡಿದು ಕೂತು, ನಿಧಾನವಾಗಿ ತಲೆಯೆತ್ತಿ ನೋಡಿ.

ಆ ಕಾಲದ ಬಹಳಷ್ಟು ಕಟ್ಟಡಗಳಿಗೆ ಮದ್ರಾಸ್ ತಾರಸಿ ಇರುತ್ತದೆ. ತೇಗದ ತೊಲೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ನೆಟ್ಟಗೆ, ಓರೆಯಾಗಿ, ಒಂದಕ್ಕೊಂದು ಒರಗಿಸಿ ಗಾರೆಯಲ್ಲಿ ಕೂರಿಸುತ್ತಾ ಹೋಗುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿ ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವುದೂ ಇತ್ತು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ವರ್ಷಗಟ್ಟಲೆ ಗಟ್ಟಿಯಾಗುತ್ತಲೇ ಇರುತ್ತದೆ. ಜೊತೆಗೆ ನೆಲದಿಂದ ಏರಿದ ತೇವವನ್ನು ಆಚೆ ಬಿಡುತ್ತದೆ.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿತು. ತೇವ ಒಳಗೇ ಉಳಿಯುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಕಿತ್ತು ಹಾಕುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ, ಉಬ್ಬಿದ ಪ್ಲಾಸ್ಟರ್ ಕಂಡರೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯನ್ನು ಬಿಟ್ಟಿದೆ ಅಂತ ಅರ್ಥ. ಮೇಲೆ ಹೊಸ ಬಣ್ಣ ಹೊಡೆದು ಉದ್ಘಾಟನೆ ಮಾಡಿದರೆ ಏನು ಬಂತು?

ಮೈಸೂರಿಗೆ ಹೋದರೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ತಪ್ಪಿಸಬೇಡಿ. ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ನೆನಪಿಗೆ 1887ರಲ್ಲಿ ಅಡಿಗಲ್ಲು ಹಾಕಿದ್ದು. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿದ್ದು ಈ ಸಂಸ್ಥೆಯ ಸಂಗ್ರಹದಲ್ಲೇ. ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡಕ್ಕೂ ಹೋಗಿ. ಹಳೆ ಪುಸ್ತಕದಂಗಡಿಗಳಿದ್ದ ಜಾಗ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿಸಿದರಷ್ಟೇ ಸಾಲದು, ಪ್ರತಿವರ್ಷ ಮಳೆಗೆ ಮೊದಲು ಯಾರಾದರೂ ಮೇಲೆ ಹತ್ತಿ ನೀರು ಹೋಗುವ ತೂಬು ಸ್ವಚ್ಛ ಮಾಡಲೇಬೇಕು.

ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ, ಸೋರಿಕೆ ಎಲ್ಲಿದೆ ಅಂತ ಆಗಲೇ ಕಾಣುವುದು. ತಾರಸಿಯ ಅಂಚಿನ ಮೋಟು ಗೋಡೆಯಲ್ಲಿ ಅಶ್ವತ್ಥದ ಸಸಿ ಕಂಡರೆ ಫೋಟೊ ತೆಗೆದು ಆ ಕಚೇರಿಗೆ ಬರೆದು ಹಾಕಿ. ಎರಡು ಎಲೆಯ ಸಸಿಯನ್ನು ಕೈಯಲ್ಲೇ ಕೀಳಬಹುದು. ಬೇರು ಹೆಬ್ಬೆರಳಿನಷ್ಟು ದಪ್ಪವಾದ ಮೇಲೆ ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ.