ಸೀಲ್ ನನ್ನ ಕಾಲು ಎಳೆದದ್ದೇಕೆ?

ಓದುಗರ ಪ್ರಶ್ನೆ: ಕಡಲಲ್ಲಿ ಈಜುತ್ತಿದ್ದಾಗ ಸೀಲ್ ಎಂಬ ಕಡಲ ಸಸ್ತನಿಯ ಒಂದು ಮರಿ ತಾನಾಗಿಯೇ ಹತ್ತಿರ ಬಂತು. ನನ್ನ ಸುತ್ತ ಎರಡು ಸುತ್ತು ಹಾಕಿ, ಕಾಲಿಗೆ ತೊಟ್ಟಿದ್ದ ರಬ್ಬರಿನ ಈಜುರೆಕ್ಕೆಯನ್ನು ಮೆಲ್ಲಗೆ ಕಚ್ಚಿ ಎಳೆಯಿತು. ನಾನು ಕರೆದಿರಲಿಲ್ಲ, ತಿನ್ನಲು ಏನನ್ನೂ ಕೊಟ್ಟಿರಲಿಲ್ಲ. ಅದು ಸ್ನೇಹಕ್ಕೆ ಬಂದಿತ್ತೇ? ನಾನು ಅದನ್ನು ಮುಟ್ಟಬಹುದಿತ್ತೇ?

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಮುಟ್ಟಬಾರದಿತ್ತು. ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಹೌದು ಎಂದರೂ ತಪ್ಪು, ಅಲ್ಲ ಎಂದು ಬಿಟ್ಟರೂ ತಪ್ಪು. ಅದು ನಿಮ್ಮನ್ನು ಮೆಚ್ಚಿ ಬಂದದ್ದಲ್ಲ. ನೀವು ಏನು ಎಂದು ತಿಳಿದುಕೊಳ್ಳಲು ಬಂದದ್ದು.

ಹೊಸ ವಸ್ತು ಕಂಡರೆ ನಾವು ಕೈಯಲ್ಲಿ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು ನೋಡುತ್ತೇವೆ. ಸೀಲ್‌ಗೆ ಆ ಅನುಕೂಲವಿಲ್ಲ. ಕೈಯಿಲ್ಲದ ಪ್ರಾಣಿಗೆ ಬಾಯಿಯೇ ಕೈ, ಮೀಸೆಯೇ ಬೆರಳು. ಅದರ ಒಂದೊಂದು ಮೀಸೆಗೂದಲಿನ ಬುಡದಲ್ಲೂ ಸಾವಿರದಷ್ಟು ನರತಂತುಗಳು ಸೇರಿರುತ್ತವೆ. ಮೀನೊಂದು ಈಜಿ ಹೋದ ಮೇಲೆ ನೀರಿನಲ್ಲಿ ಉಳಿಯುವ ಸಣ್ಣ ಕದಲಿಕೆಯನ್ನೂ ಅವು ಹಿಡಿಯುತ್ತವೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಸೀಲ್‌ಗಳು ಪುಟ್ಟ ಆಟಿಕೆ ಜಲಾಂತರ್ಗಾಮಿ ಸಾಗಿದ ದಾರಿಯನ್ನು ಬರೀ ಮೀಸೆಯಿಂದ ಪತ್ತೆಹಚ್ಚಿ ಅದರ ಬೆನ್ನು ಹಿಡಿದವು. ಈಗ ನಿಮ್ಮನ್ನೇ ನೋಡಿಕೊಳ್ಳಿ. ಮೀನಿನಂತೆ ಬಾಲ ಬಡಿಯುವುದಿಲ್ಲ, ಸೀಲ್‌ನಂತೆ ನುಣುಪಾಗಿ ಜಾರುವುದಿಲ್ಲ. ನೀರನ್ನೆಲ್ಲ ಕಲಕುತ್ತಾ, ಗುಳ್ಳೆ ಬಿಡುತ್ತಾ, ಹಿಂದೆ ಎರಡು ರಬ್ಬರ್ ಪಟ್ಟಿಗಳನ್ನು ಬೀಸುತ್ತಾ ಹೋಗುವ ಒಂದು ವಿಚಿತ್ರ. ಮೂಗು ತೂರಿಸದೆ ಇರಲು ಯಾವ ಮರಿ ಸೀಲ್‌ಗೆ ಸಾಧ್ಯ? ಈಜುರೆಕ್ಕೆಯನ್ನು ಕಚ್ಚಿ ಎಳೆಯುವುದು ಹೆಚ್ಚಾಗಿ ಮರಿಗಳ ಮತ್ತು ಹರೆಯದವುಗಳ ಕೆಲಸ. ಹಿರಿಯ ಸೀಲ್‌ಗಳು ಅಂಥದ್ದನ್ನು ಎಷ್ಟೋ ನೋಡಿ ಆಗಿರುತ್ತದೆ.

ಆಕ್ಟೋಪಸ್ ಈ ತಪಾಸಣೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಬಂಡೆಯ ಸಂದಿಯಿಂದ ಒಂದು ತೋಳು ಮಾತ್ರ ಹೊರಗೆ ಬರುತ್ತದೆ, ತುದಿ ದಾರದಷ್ಟು ಸಪೂರ. ಅದು ಮುಳುಗುಗಾರನ ಬೆರಳಿನ ಸುತ್ತ ಸುತ್ತಿಕೊಳ್ಳುತ್ತದೆ, ಹೀರುಬಟ್ಟಲುಗಳು ಒಂದೊಂದಾಗಿ ಅಂಟಿ ಬಿಡುತ್ತವೆ. ಆ ಬಟ್ಟಲುಗಳು ಮುಟ್ಟುವುದಷ್ಟೇ ಅಲ್ಲ, ರುಚಿಯನ್ನೂ ನೋಡುತ್ತವೆ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ಇರುವುದು ತೋಳುಗಳಲ್ಲೇ. ಕೈಕುಲುಕಿತು ಎಂದು ಚಿತ್ರದ ಕೆಳಗೆ ಬರೆದುಕೊಳ್ಳುತ್ತೇವೆ. ಅದು ನೆಕ್ಕಿ ನೋಡಿತು ಎಂದು ಬರೆಯುವುದೇ ಸರಿ.

ಹಾಗೆಂದು ಪ್ರಾಣಿಗಳಿಗೆ ನಾವೆಲ್ಲ ಒಂದೇ ಎಂದು ತಿಳಿಯಬೇಡಿ. ಅಮೆರಿಕದ ಸಿಯಾಟಲ್ ಅಕ್ವೇರಿಯಮ್‌ನಲ್ಲಿ ದೈತ್ಯ ಆಕ್ಟೋಪಸ್‌ಗಳ ಎದುರು ಒಂದೇ ಬಗೆಯ ಸಮವಸ್ತ್ರ ತೊಟ್ಟ ಇಬ್ಬರನ್ನು ನಿಲ್ಲಿಸಿದರು. ಒಬ್ಬರು ಆಹಾರ ಕೊಡುತ್ತಿದ್ದರು, ಇನ್ನೊಬ್ಬರು ಮುಳ್ಳುಮುಳ್ಳಾದ ಕೋಲಿನಿಂದ ಚುಚ್ಚುತ್ತಿದ್ದರು. ಎರಡು ವಾರ ಕಳೆಯುವುದರೊಳಗೆ ಆಕ್ಟೋಪಸ್‌ಗಳು ಇಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸತೊಡಗಿದವು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಇನ್ನು ಹೆದರಿಕೆಯ ಮಾತು. ನಾವು ಸಲುಗೆ ಎಂದುಕೊಳ್ಳುವುದು ಎಷ್ಟೋ ಸಲ ಬರೀ ಹೆದರಿಕೆಯ ಗೈರುಹಾಜರಿ. ನೆಲದ ಮೇಲೆ ಬೇಟೆಗಾರ ಪ್ರಾಣಿಗಳೇ ಇಲ್ಲದ ದ್ವೀಪಗಳಲ್ಲಿ ಬೆಳೆದವಕ್ಕೆ ಎರಡು ಕಾಲಿನ ನಮ್ಮನ್ನು ಕಂಡು ಓಡಬೇಕೆಂಬ ಪಾಠವೇ ಆಗಿರುವುದಿಲ್ಲ. ಗಲಪಗೋಸ್ ದ್ವೀಪಗಳಲ್ಲಿ ಕಡಲಸಿಂಹಗಳು ಜನ ಓಡಾಡುವ ಜಾಗದಲ್ಲೇ ನಿದ್ದೆ ಹೊಡೆಯುವುದು ಇದರಿಂದಲೇ. ಈ ನಿರ್ಭಯಕ್ಕೆ ತೆತ್ತ ಬೆಲೆಯೂ ದಾಖಲಾಗಿದೆ. ನಾವಿಕ ಬೇರಿಂಗ್‌ನ ನೌಕಾಯಾನದಲ್ಲಿದ್ದ ನಿಸರ್ಗಶಾಸ್ತ್ರಜ್ಞ ಗಿಯೋರ್ಗ್ ಸ್ಟೆಲರ್ 1741ರಲ್ಲಿ ಒಂದು ಬಗೆಯ ಬೃಹತ್ ಕಡಲಹಸುವನ್ನು ಕಂಡ. ದಡದ ಬಳಿ ನಿಧಾನವಾಗಿ ಪಾಚಿ ಮೇಯುತ್ತಿದ್ದ ಅದು ದೋಣಿ ಪಕ್ಕಕ್ಕೆ ಬಂದರೂ ಸರಿಯುತ್ತಿರಲಿಲ್ಲ. 1768ರ ಹೊತ್ತಿಗೆ ಅದು ನಿರ್ನಾಮವಾಗಿತ್ತು. ಕಂಡು ಇಪ್ಪತ್ತೇಳೇ ವರ್ಷ.

ಇದಕ್ಕೆ ತದ್ವಿರುದ್ಧವಾದ ಕಥೆ ಮೆಕ್ಸಿಕೊದ ಸಾನ್ ಇಗ್ನಾಸಿಯೊ ಹಿನ್ನೀರಿನದು. ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಅಲ್ಲಿಗೆ ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. 19ನೇ ಶತಮಾನದ ಬೇಟೆಗಾರರು ಆ ಕರಾವಳಿಯ ಹಿನ್ನೀರುಗಳಿಗೆ ನುಗ್ಗಿ ಅವುಗಳನ್ನು ಕೊಂದರು. ಗಾಯಗೊಂಡ ತಾಯಂದಿರು ದೋಣಿಗಳನ್ನೇ ಒಡೆಯುತ್ತಿದ್ದುದರಿಂದ ಅವುಗಳಿಗೆ ದೆವ್ವದ ಮೀನು ಎಂಬ ಹೆಸರು ಬಿತ್ತು. ಅಲ್ಲಿನ ಮೀನುಗಾರರೂ ಅವು ಕಂಡರೆ ದೂರ ಸರಿಯುತ್ತಿದ್ದರು. 1972ರಲ್ಲಿ ಒಂದು ದಿನ ಫ್ರಾನ್ಸಿಸ್ಕೊ ಮಯೋರಾಲ್ ಎಂಬ ಮೀನುಗಾರನ ಚಿಕ್ಕ ದೋಣಿಯ ಪಕ್ಕದಲ್ಲೇ ಒಂದು ತಿಮಿಂಗಿಲ ಎದ್ದಿತು. ಅತ್ತ ಹೋಯಿತು, ಇತ್ತ ಬಂತು, ದೋಣಿಯ ತಳಕ್ಕೆ ಮೈ ತಾಗಿಸಿತು, ಬಿಟ್ಟು ಹೋಗಲೇ ಇಲ್ಲ. ಕೊನೆಗೆ ಆತ ಅಂಜುತ್ತಲೇ ಕೈ ಚಾಚಿ ಮುಟ್ಟಿದ. ಏನೂ ಆಗಲಿಲ್ಲ. ಇಂದಿಗೂ ಅಲ್ಲಿ ತಾಯಿ ತಿಮಿಂಗಿಲಗಳು ಮರಿಗಳೊಂದಿಗೆ ದೋಣಿಯ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಕೆಲವೊಮ್ಮೆ ಮರಿಯನ್ನು ದೋಣಿಯತ್ತ ನೂಕುವುದೂ ಉಂಟು. ಅಲ್ಲಿ ಯಾರೂ ಅವಕ್ಕೆ ಆಹಾರ ಕೊಡುವುದಿಲ್ಲ. ಹೊಟ್ಟೆಪಾಡಿನ ಲೆಕ್ಕ ಹಾಕಿ ಎಲ್ಲವನ್ನೂ ವಿವರಿಸುವವರು ಇಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ.

ಕುತೂಹಲವೆಂದರೆ ಸದಾ ಮುದ್ದಾದದ್ದೇ ಆಗಬೇಕಿಲ್ಲ. ಕಡಲಲ್ಲಿ ಸ್ವತಂತ್ರವಾಗಿರುವ ಓರ್ಕಾಗಳು, ಅಂದರೆ ಕೊಲೆಗಾರ ತಿಮಿಂಗಿಲಗಳು, ತಾವು ಹಿಡಿದ ಬೇಟೆಯನ್ನು ತಂದು ಮನುಷ್ಯರ ಮುಂದೆ ಬಿಟ್ಟು, ಇವರೇನು ಮಾಡುತ್ತಾರೆಂದು ಕಾದು ನೋಡಿದ 34 ಪ್ರಸಂಗಗಳನ್ನು ಸಂಶೋಧಕರು 2025ರಲ್ಲಿ ಒಟ್ಟುಮಾಡಿ ಪ್ರಕಟಿಸಿದರು. ಅದೇ ಓರ್ಕಾಗಳ ಇನ್ನೊಂದು ಗುಂಪು 2020ರಿಂದ ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಕಡಲಿನಲ್ಲಿ ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿದೆ. ಸೇಡು ಎಂದು ಸುದ್ದಿಯಾಯಿತು. ಅಧ್ಯಯನ ಮಾಡುತ್ತಿರುವವರಲ್ಲಿ ಹಲವರು ಅದನ್ನು ಆಟ ಎನ್ನುತ್ತಾರೆ. ದೋಣಿ ಮುಳುಗುತ್ತಿರುವವನಿಗೆ ಈ ವ್ಯತ್ಯಾಸದಿಂದ ಹೆಚ್ಚು ಸಮಾಧಾನ ಸಿಗಲಾರದು.

ಡಾಲ್ಫಿನ್ ನಗುತ್ತದೆ ಎಂಬುದು ಮತ್ತೊಂದು ಮೋಸ. ಅದು ದವಡೆಯ ಆಕಾರ. ನೋವಿನಲ್ಲೂ, ಸಿಟ್ಟಿನಲ್ಲೂ ಅದೇ ನಗು. 1994ರಲ್ಲಿ ಬ್ರೆಜಿಲ್‌ನ ಒಂದು ಕಡಲತೀರಕ್ಕೆ ತಿಯಾವೊ ಎಂದು ಹೆಸರಿಟ್ಟಿದ್ದ ಒಂಟಿ ಡಾಲ್ಫಿನ್ ಬರುತ್ತಿತ್ತು. ಜನ ಅದರ ರೆಕ್ಕೆ ಜಗ್ಗಿದರು, ಬೆನ್ನೇರಲು ನೋಡಿದರು, ಉಸಿರಾಡುವ ರಂಧ್ರಕ್ಕೇ ಕಡ್ಡಿ ತುರುಕಿದರು. ಅದು ತಿರುಗಿಬಿದ್ದಾಗ ಹಲವರು ಗಾಯಗೊಂಡರು, ಒಬ್ಬ ಸತ್ತ. ಐರ್ಲೆಂಡಿನ ಡಿಂಗಲ್ ಬಂದರಿಗೆ 1983ರಲ್ಲಿ ಬಂದ ಫುಂಗಿ ಎಂಬ ಡಾಲ್ಫಿನ್ 2020ರವರೆಗೂ ಅಲ್ಲೇ ದೋಣಿಗಳ ಜೊತೆ ಈಜಿಕೊಂಡಿತ್ತು. ಒಂಟಿ ಡಾಲ್ಫಿನ್‌ಗಳೆಲ್ಲಕ್ಕೂ ಆ ಅದೃಷ್ಟವಿಲ್ಲ.

ಆಹಾರ ಕೊಟ್ಟರಂತೂ ಕಥೆಯೇ ಬೇರೆಯಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮಂಕಿ ಮಿಯಾದಲ್ಲಿ 1960ರ ದಶಕದಿಂದ ಡಾಲ್ಫಿನ್‌ಗಳಿಗೆ ಕೈಯಾರೆ ಮೀನು ಕೊಡುವ ರೂಢಿ ಬಂತು. ಮೀನಿಗಾಗಿ ದಡದಲ್ಲೇ ಕಾದು ನಿಂತ ತಾಯಂದಿರ ಮರಿಗಳು ಬೇರೆ ಮರಿಗಳಿಗಿಂತ ಹೆಚ್ಚಾಗಿ ಸಾಯುತ್ತಿದ್ದುದು ಗೊತ್ತಾದ ಮೇಲೆ ನಿಯಮ ಬಿಗಿಯಾಯಿತು. ನಾರ್ವೆಯ ಓಸ್ಲೊ ಬಳಿ ದೋಣಿಗಳ ಮೇಲೇರಿ ಬಿಸಿಲು ಕಾಯಿಸುತ್ತಿದ್ದ ಫ್ರೇಯಾ ಎಂಬ ವಾಲ್ರಸ್ (ಉದ್ದ ಕೋರೆಹಲ್ಲಿನ ಕಡಲ ಸಸ್ತನಿ) ಯಾರಿಗೂ ಗಾಯ ಮಾಡಿರಲಿಲ್ಲ. ದೂರ ಇರಿ ಎಂದರೂ ಜನ ಕೇಳಲಿಲ್ಲ, ಸುಮಾರು 600 ಕಿಲೋ ತೂಕದ ಪ್ರಾಣಿಯ ಪಕ್ಕದಲ್ಲಿ ಈಜಿದವರೂ ಇದ್ದರು. ಜನರಿಗೆ ಅಪಾಯವಾದೀತೆಂದು 2022ರ ಆಗಸ್ಟ್‌ನಲ್ಲಿ ಅಧಿಕಾರಿಗಳು ಫ್ರೇಯಾಳನ್ನು ಕೊಂದರು.

ಈಗ ನಿಮ್ಮ ಸೀಲ್‌ಗೆ ಮರಳೋಣ. ಸೀಲ್ ಬಾಯಿಯ ಸೂಕ್ಷ್ಮಾಣುಗಳು ಮನುಷ್ಯರ ಬೆರಳಿಗೆ ಹೊಕ್ಕರೆ ಗೆಣ್ಣು ಊದಿ, ವಿಪರೀತ ನೋವು ಬರುತ್ತದೆ. ಇದಕ್ಕೆ ಸೀಲ್ ಬೆರಳು ಎಂಬ ಹೆಸರೇ ಇದೆ. ಸಾಮಾನ್ಯ ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಬೇಕು. ಕಚ್ಚಿಸಿಕೊಂಡರೆ ವೈದ್ಯರಿಗೆ ಸೀಲ್ ಕಚ್ಚಿತು ಎಂದು ಬಿಡಿಸಿ ಹೇಳಿ. ದಡದಲ್ಲಿ ಒಂಟಿ ಮರಿ ಕಂಡರೆ ಅನಾಥ ಎಂದು ಎತ್ತಿಕೊಂಡು ಬರಬೇಡಿ, ತಾಯಿ ಮೀನಿಗೆ ಹೋಗಿರುವುದೇ ಹೆಚ್ಚು. ಅದನ್ನು ನೀರಿಗೆ ನೂಕುವುದೂ ಬೇಡ.

ನೀರಿನಲ್ಲಿ ಮತ್ತೊಮ್ಮೆ ಸಿಕ್ಕಿದರೆ ಕೈಗಳನ್ನು ಮೈಗೆ ಸೇರಿಸಿಕೊಂಡು, ಕಾಲು ಬಡಿಯದೆ, ಸುಮ್ಮನೆ ತೇಲುತ್ತಿರಿ. ಎಷ್ಟು ಹತ್ತಿರ ಬರಬೇಕೆಂಬುದು ಅದರ ನಿರ್ಧಾರ, ಯಾವಾಗ ಹೋಗಬೇಕೆಂಬುದೂ ಅದರದ್ದೇ. ಅದು ಮುಳುಗಿ ಕಾಣೆಯಾದರೆ ಬೆನ್ನು ಹತ್ತಬೇಡಿ. ಸೀಲ್‌ಗಳಿಗೆ ಹಿಂದಿನಿಂದ ಬರುವ ಚಾಳಿಯಿದೆ. ನೀವು ಮುಂದೆ ಹುಡುಕುತ್ತಿರುವಾಗ ಈಜುರೆಕ್ಕೆ ಮತ್ತೊಮ್ಮೆ ಜಗ್ಗಿದಂತಾದರೂ ಆದೀತು.