ಕೆಲಸ ಸಿಕ್ಕಿತು, ಉಳಿಯುವುದು ಹೇಗೆ? ಅಂಗವಿಕಲರ ಉದ್ಯೋಗದ ಹಿಂದಿನ ಕಥೆ

ಬೆಂಗಳೂರಿನ ಯಾವುದಾದರೂ ಕಂಪನಿ ಇಪ್ಪತ್ತು ಮಂದಿ ಅಂಗವಿಕಲರನ್ನು ಒಟ್ಟಿಗೆ ಕೆಲಸಕ್ಕೆ ತೆಗೆದುಕೊಂಡರೆ ಅದು ಸುದ್ದಿಯಾಗುತ್ತದೆ. ನೇಮಕಾತಿ ಪತ್ರ ಹಿಡಿದು ಸಾಲಾಗಿ ನಿಂತವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ವರ್ಷ ಕಳೆದ ಮೇಲೆ ಆ ಇಪ್ಪತ್ತರಲ್ಲಿ ಎಷ್ಟು ಜನ ಅಲ್ಲೇ ಇದ್ದಾರೆ ಎಂದು ಕೇಳುವವರು ತೀರಾ ಕಡಿಮೆ. ಕೆಲಸ ಬಿಟ್ಟು ಊರಿಗೆ ಮರಳಿದವರ ಬಗ್ಗೆ ‘ಅವರಿಗೆ ಆಗಲಿಲ್ಲ ಪಾಪ’ ಎಂಬ ಒಂದು ಮಾತು ಬರುತ್ತದೆ, ಅಷ್ಟೆ. ಯಾಕೆ ಆಗಲಿಲ್ಲ ಎಂದು ಹುಡುಕಿಕೊಂಡು ಹೋದರೆ ಅರವತ್ತು ವರ್ಷಕ್ಕೂ ಹಿಂದಿನ ತನಕ ಹೋಗಬೇಕಾಗುತ್ತದೆ. ಅಂಗವಿಕಲರನ್ನು ಕೆಲಸಕ್ಕೆ ಸೇರಿಸುವುದು ಹೇಗೆಂದು ನಾವು ಅಷ್ಟು ಕಾಲದಿಂದ ಯೋಚಿಸುತ್ತಾ ಬಂದಿದ್ದೇವೆ. ಸೇರಿದವರು ಅಲ್ಲಿ ಉಳಿಯಲು ಏನು ಬೇಕು ಎಂಬ ಯೋಚನೆ ಬಹಳ ತಡವಾಗಿ ಬಂತು, ಅದೂ ಇನ್ನೂ ಅರೆಬರೆ.

1959ರಲ್ಲಿ ಮುಂಬೈಯಲ್ಲಿ ಅಂಗವಿಕಲರಿಗೆಂದೇ ದೇಶದ ಮೊದಲ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಶುರುವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಕಟ್ಟಿದರು. ಈಗ ಎಲ್ಲರ ಬಾಯಲ್ಲೂ ಅದು ಎಪಿಡಿ. ಹೇಮಾ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು. ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಕರೆ ಬರುವ ತನಕ ಕಾಯಬೇಕಿತ್ತು. ಎಪಿಡಿ ಕಸುಬು ಕಲಿಸುವ ದಾರಿ ಹಿಡಿಯಿತು. ಲಿಂಗರಾಜಪುರದಲ್ಲಿ ಅದರ ಕೈಗಾರಿಕಾ ತರಬೇತಿ ಬೆಳೆಯಿತು, ಮುಂದೆ ತೋಟಗಾರಿಕೆ ತರಬೇತಿಯೂ ಸೇರಿತು. 1968ರಲ್ಲಿ ಕೇಂದ್ರ ಸರ್ಕಾರವೂ ವೃತ್ತಿ ಪುನರ್ವಸತಿ ಕೇಂದ್ರಗಳನ್ನು ತೆರೆಯಲು ಶುರುಮಾಡಿತು.

ಆ ಕಾಲದಲ್ಲಿ ಯಾರಿಗೆ ಯಾವ ಕೆಲಸ ಎಂಬುದು ಮೊದಲೇ ನಿರ್ಧಾರವಾಗಿರುತ್ತಿತ್ತು. ಕಣ್ಣು ಕಾಣದವರು ಬೆತ್ತದ ಕುರ್ಚಿ ಹೆಣೆಯಬೇಕು, ಮೇಣದಬತ್ತಿ ಮಾಡಬೇಕು, ಸಂಗೀತ ಕಲಿಸಬೇಕು. ಸ್ವಲ್ಪ ಓದಿದ್ದರೆ ಟೆಲಿಫೋನ್ ಆಪರೇಟರ್. ಕಿವಿ ಕೇಳದವರಿಗೆ ಹೊಲಿಗೆ ಅಥವಾ ಛಾಪಖಾನೆ. ಕಾಲಿಗೆ ಪೋಲಿಯೊ ತಗುಲಿದವರಿಗೆ ಕುಳಿತು ಮಾಡುವ ಏನಾದರೊಂದು. ಕಲಿಸುತ್ತಿದ್ದವರ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿಗಿದ್ದ ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತದೆಯೇ, ಯಂತ್ರದ ಹುಚ್ಚಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಅವನ ಯಾವ ಅಂಗ ಊನ ಎಂಬುದರ ಮೇಲೆ ಕಸುಬು ಗೊತ್ತಾಗುತ್ತಿತ್ತು.

1977ರಲ್ಲಿ ಕೇಂದ್ರ ಸರ್ಕಾರ ಸಿ ಮತ್ತು ಡಿ ಗುಂಪಿನ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ತಂದಿತು. ಅಂಧರಿಗೆ ಒಂದು, ಕಿವುಡರಿಗೆ ಒಂದು, ದೈಹಿಕ ಅಂಗವಿಕಲರಿಗೆ ಒಂದು. ಅಂದರೆ ಗುಮಾಸ್ತ ಮತ್ತು ಜವಾನನ ಮಟ್ಟದಲ್ಲಿ ಜಾಗ ಸಿಕ್ಕಿತು, ಅಧಿಕಾರಿಯ ಮಟ್ಟದಲ್ಲಿ ಸಿಗಲಿಲ್ಲ. ಅದರ ಜತೆಗೇ ‘ಗುರುತಿಸಲಾದ ಹುದ್ದೆಗಳು’ ಎಂಬ ಪಟ್ಟಿಯ ಕಾಟವೂ ಬೆಳೆಯಿತು. ಈ ಹುದ್ದೆಯನ್ನು ಅಂಧರು ಮಾಡಬಲ್ಲರು, ಆ ಹುದ್ದೆಯನ್ನು ಮಾಡಲಾರರು ಎಂದು ಸಮಿತಿ ತೀರ್ಮಾನಿಸಬೇಕು. ಸಮಿತಿಯ ಕಲ್ಪನೆಗೆ ಬಾರದ ಕೆಲಸ ಪಟ್ಟಿಗೂ ಬರುತ್ತಿರಲಿಲ್ಲ. ಐಎಎಸ್ ಪರೀಕ್ಷೆಯನ್ನು ಬ್ರೈಲ್‌ನಲ್ಲಿ ಅಥವಾ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವಿನಿಂದ ಬರೆಯಲು ಅಂಧರಿಗೆ ಅವಕಾಶ ಸಿಗಬೇಕಾದರೆ ರಾಷ್ಟ್ರೀಯ ಅಂಧರ ಒಕ್ಕೂಟ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ತೀರ್ಪು ಬಂದದ್ದು 1993ರಲ್ಲಿ.

ಎಸ್‌ಟಿಡಿ ಬೂತ್‌ಗಳ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಎಂಬತ್ತರ ದಶಕದ ಕೊನೆಯಿಂದ ಬಸ್ ನಿಲ್ದಾಣ, ಆಸ್ಪತ್ರೆ, ಕಾಲೇಜು ಗೇಟಿನ ಬಳಿ ಹಳದಿ ಬೋರ್ಡಿನ ಬೂತ್‌ಗಳು ಎದ್ದವು. ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಊರುಗಳಲ್ಲಿ ಮೂರುಗಾಲಿ ಸೈಕಲ್ಲಿನ ಮಾಲೀಕ ಆ ಗಾಜಿನ ಗೂಡಿನ ಪಕ್ಕ ಕೂತು, ಮೀಟರ್ ನೋಡಿ ಬಿಲ್ ಹರಿದು ಕೊಟ್ಟು ಸಂಸಾರ ನಡೆಸಿದ, ಮಕ್ಕಳನ್ನು ಓದಿಸಿದ. ಮೊಬೈಲ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಬೂತ್‌ಗಳು ಮುಚ್ಚಿದವು. ಟೆಲಿಫೋನ್ ಆಪರೇಟರ್ ಹುದ್ದೆಗೂ ಅದೇ ಗತಿ. ಬೇರೆಯವರು ಒಂದು ದಂಧೆ ಬಿದ್ದರೆ ಇನ್ನೊಂದಕ್ಕೆ ಹೊರಳುತ್ತಾರೆ. ಒಂದೇ ಬಗೆಯ ಕೆಲಸಕ್ಕೆ ಮೀಸಲಾದವರಿಗೆ ಹೊರಳಲು ಜಾಗವೇ ಇರಲಿಲ್ಲ. ಅವರಿಗೆ ಮುಂದೇನು ಎಂದು ಯಾವ ಇಲಾಖೆಯೂ ಗಟ್ಟಿಯಾಗಿ ಯೋಚಿಸಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಕಾನೂನು ಬಂದದ್ದು 1995ರಲ್ಲಿ. ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿ ಮತ್ತು ಅವರ ಸಂಗಾತಿಗಳು ದೆಹಲಿಯಲ್ಲಿ ಬೀದಿಗಿಳಿದ ಮೇಲೆ, ಆ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಕಾಯ್ದೆಯನ್ನು ಒಪ್ಪಿತು. 1996ರ ಫೆಬ್ರುವರಿಯಲ್ಲಿ ಅದು ಜಾರಿಯಾಯಿತು. ಶೇ 3ರ ಮೀಸಲಾತಿಗೆ ಈಗ ಕಾಯ್ದೆಯ ಬಲ ಬಂತು. ಆದರೂ ಎ ಮತ್ತು ಬಿ ಗುಂಪುಗಳಲ್ಲಿ ಇಲಾಖೆಗಳು ‘ಗುರುತಿಸಲಾದ’ ಹುದ್ದೆಗಳನ್ನಷ್ಟೇ ಲೆಕ್ಕ ಹಿಡಿದು ಶೇ 3 ತೆಗೆಯುತ್ತಿದ್ದವು. ಪಟ್ಟಿಯೇ ಚಿಕ್ಕದು, ಅದರಲ್ಲಿ ನೂರಕ್ಕೆ ಮೂರು ಎಂದರೆ ಎಷ್ಟು ಉಳಿದೀತು? 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಿ, ವೃಂದದ (ಕೇಡರ್) ಒಟ್ಟು ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕೆಂದು ಹೇಳಿತು. ಕಾಯ್ದೆ ಜಾರಿಯಾಗಿ ಅಷ್ಟರಲ್ಲಿ ಹದಿನೇಳು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ವಯೋಮಿತಿ ದಾಟಿಹೋದವರಿಗೆ ಹಿಂದೆ ತುಂಬದೆ ಉಳಿದ ಹುದ್ದೆಗಳ ಯಾವ ಬ್ಯಾಕ್‌ಲಾಗ್ ಭರ್ತಿಯೂ ಉಪಯೋಗಕ್ಕೆ ಬರಲಿಲ್ಲ.

ಅದೇ 1995ರ ಕಾಯ್ದೆಯಲ್ಲಿ ಕಡಿಮೆ ಪ್ರಚಾರ ಪಡೆದ ಒಂದು ಕಲಂ ಇತ್ತು: 47. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ನೌಕರನನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ ಹೊಸದಾಗಿ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ಕೆಲಸ ಉಳಿಸುವ ಬಗ್ಗೆ ನಮ್ಮ ಕಾನೂನು ಆಡಿದ ಮೊದಲ ಗಟ್ಟಿ ಮಾತು ಇದು. ಕುನಾಲ್ ಸಿಂಗ್ ಎಂಬ ಕಾನ್‌ಸ್ಟೆಬಲ್ ಕರ್ತವ್ಯದಲ್ಲಿದ್ದಾಗ ಪೆಟ್ಟಾಗಿ ಕಾಲು ಕಳೆದುಕೊಂಡರು, ಇಲಾಖೆ ಅವರನ್ನು ಅನರ್ಹರೆಂದು ಮನೆಗೆ ಕಳಿಸಿತು. ಪಿಂಚಣಿ ಕೊಟ್ಟಿದ್ದೇವಲ್ಲ ಎಂಬ ವಾದವನ್ನು 2003ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಿಂಚಣಿ ಬಂದ ಮಾತ್ರಕ್ಕೆ ಈ ಕಲಂನ ರಕ್ಷಣೆ ತಪ್ಪುವುದಿಲ್ಲ ಎಂದಿತು.

ಖಾಸಗಿ ಕಂಪನಿಗಳ ಮಟ್ಟಿಗೆ ಕಾಯ್ದೆಯ ಮಾತು ಮೆತ್ತಗಿತ್ತು. ಸಿಬ್ಬಂದಿಯಲ್ಲಿ ಕನಿಷ್ಠ ಶೇ 5 ಅಂಗವಿಕಲರಿರುವಂತೆ ಮಾಲೀಕರಿಗೆ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಹೇಳಿತ್ತು. 2008ರಲ್ಲಿ ಆ ಪ್ರೋತ್ಸಾಹಕ್ಕೆ ಒಂದು ರೂಪ ಬಂತು: ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳದ ಅಂಗವಿಕಲ ನೌಕರರ ಪಿಎಫ್ ಮತ್ತು ಇಎಸ್‌ಐಗೆ ಮಾಲೀಕರು ಕಟ್ಟುವ ಪಾಲನ್ನು ಮೂರು ವರ್ಷ ಸರ್ಕಾರವೇ ಭರಿಸುವುದು ಎಂದಾಯಿತು. ಯೋಜನೆ ಓಡಲಿಲ್ಲ. ಅಂಗವಿಕಲರನ್ನು ತೆಗೆದುಕೊಳ್ಳಲು ಹಿಂಜರಿಯುವ ಮ್ಯಾನೇಜರ್‌ನ ಚಿಂತೆ ಪಿಎಫ್ ಪಾಲಿನದ್ದಾಗಿರಲಿಲ್ಲ. ‘ಇವರ ಜತೆ ಮಾತಾಡೋದು ಹೇಗೆ, ಬೆಂಕಿ ಬಿದ್ದರೆ ಹೊರಗೆ ಕರ್ಕೊಂಡು ಹೋಗೋದು ಹೇಗೆ, ಕೆಲಸ ಸರಿಯಿಲ್ಲ ಅಂದರೆ ಬೈಯಬಹುದಾ’ ಎಂಬುದು ಅವನ ಚಿಂತೆ. ಅದಕ್ಕೆ ಉತ್ತರ ಕೊಡುವವರು ಯಾರೂ ಅವನ ಬಳಿ ಹೋಗಲಿಲ್ಲ.

ಆ ಉತ್ತರ ಹುಡುಕಿದವರು ನಮ್ಮ ಸುತ್ತಮುತ್ತಲೇ ಇದ್ದರು. ಹೊಸೂರಿನ ಟೈಟಾನ್ ಗಡಿಯಾರ ಕಾರ್ಖಾನೆ ಅಂಗವಿಕಲರನ್ನು ಎಲ್ಲರ ಜತೆಗೇ ಕೂರಿಸಿ ಕೆಲಸ ಮಾಡಿಸಿತು. ಬೆಳಗಾವಿ ಕಡೆಯ, ಸ್ವತಃ ದೃಷ್ಟಿದೋಷವಿರುವ ಮಹಾಂತೇಶ್ ಜಿ. ಕಿವಡಸಣ್ಣವರ್ 1997ರಲ್ಲಿ ಗೆಳೆಯರೊಂದಿಗೆ, ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸ ಕೊಡಿಸುವ ಸಮರ್ಥನಂ ಟ್ರಸ್ಟ್ ಕಟ್ಟಿದರು. ತಮ್ಮನ ದೃಷ್ಟಿ ಹೋದದ್ದನ್ನು ಕಣ್ಣಾರೆ ಕಂಡ ಎಂಜಿನಿಯರ್ ಶಾಂತಿ ರಾಘವನ್, ದೀಪೇಶ್ ಸುತಾರಿಯಾ ಅವರೊಂದಿಗೆ 1999ರಲ್ಲಿ ಅದೇ ಕೆಲಸದ ಎನೇಬಲ್ ಇಂಡಿಯಾ ಸಂಸ್ಥೆ ಶುರುಮಾಡಿದರು. 2006ರಲ್ಲಿ ಪವಿತ್ರಾ ವೈ.ಎಸ್. ಅವರ ವಿಂಧ್ಯಾ ಇ-ಇನ್ಫೊಮೀಡಿಯಾ ಬಹುಪಾಲು ಅಂಗವಿಕಲ ಸಿಬ್ಬಂದಿಯಿಂದಲೇ ಬಿಪಿಒ, ಅಂದರೆ ಬೇರೆ ಕಂಪನಿಗಳ ಕಚೇರಿ ಕೆಲಸ ಮಾಡಿಕೊಡುವ ಉದ್ಯಮ, ನಡೆಸಿ ತೋರಿಸಿತು. 2017ರಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ತೆರೆದ ಮಿಟ್ಟಿ ಕೆಫೆ, ಬೌದ್ಧಿಕ ವೈಕಲ್ಯ ಇರುವವರನ್ನೂ ಗಿರಾಕಿಗಳ ಎದುರಿಗೆ ನಿಲ್ಲಿಸಿತು. 2023ರಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟ್ ಆವರಣದಲ್ಲೇ ಶುರುವಾಯಿತು.

ಈ ಕ್ಷೇತ್ರದವರು ಕಲಿತ ಮುಖ್ಯ ಪಾಠವೆಂದರೆ ತರಬೇತಿ ಮುಗಿಸಿ ಕೆಲಸಕ್ಕೆ ಕಳಿಸಿದರೆ ಸಾಲದು, ಕೆಲಸದ ಜಾಗಕ್ಕೆ ಜತೆಗೆ ಹೋಗಬೇಕು. ಹಾಗೆ ಹೋಗುವವರನ್ನು ಜಾಬ್ ಕೋಚ್ ಎನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಬೌದ್ಧಿಕ ವೈಕಲ್ಯದ ಹುಡುಗಿ ಸೇರಿದಳು ಎನ್ನಿ. ಕೋಚ್ ಮೊದಲು ತಾನೇ ಆ ಕೆಲಸ ಮಾಡಿ ನೋಡುತ್ತಾರೆ. ಗೋದಾಮಿನಿಂದ ಟ್ರಾಲಿ ತರುವುದು, ದಿನಾಂಕ ನೋಡುವುದು, ಹಳೆಯದನ್ನು ಮುಂದಕ್ಕೆಳೆದು ಹೊಸದನ್ನು ಹಿಂದಿಡುವುದು, ಖಾಲಿ ಡಬ್ಬ ಮಡಚುವುದು ಎಂದು ಒಂದೊಂದೇ ಹಂತವಾಗಿ ಬಿಡಿಸಿ ಚಿತ್ರ ಬರೆದು ಅಂಟಿಸುತ್ತಾರೆ. ಮೊದಲ ವಾರಗಳಲ್ಲಿ ಪಕ್ಕದಲ್ಲೇ ನಿಲ್ಲುತ್ತಾರೆ, ಆಮೇಲೆ ದೂರದಿಂದ ನೋಡುತ್ತಾರೆ, ಆಮೇಲೆ ವಾರಕ್ಕೊಮ್ಮೆ ಬರುತ್ತಾರೆ. ಸೂಪರ್‌ವೈಸರ್‌ಗೂ ಹೇಳಿಕೊಡುವುದಿರುತ್ತದೆ: ಒಂದೇ ಉಸಿರಿನಲ್ಲಿ ಮೂರು ಕೆಲಸ ಹೇಳಬೇಡಿ, ಒಂದು ಮುಗಿದ ಮೇಲೆ ಇನ್ನೊಂದು ಹೇಳಿ. ಸೂಪರ್‌ವೈಸರ್ ವರ್ಗವಾಗಿ ಹೊಸಬರು ಬಂದಾಗ ಅದೆಲ್ಲ ಮತ್ತೆ ಮೊದಲಿನಿಂದ. ಆ ಹೊತ್ತಿಗೆ ಕೋಚ್ ಇನ್ನೊಂದು ಯೋಜನೆಗೆ ಹೋಗಿದ್ದರೆ ಅವಳ ಕೆಲಸ ಹೋಗುವುದು ಹೆಚ್ಚಾಗಿ ಅಲ್ಲಿಯೇ.

ಇನ್ನೊಂದು ಉದಾಹರಣೆ ನಮ್ಮ ಕನ್ನಡ ಕಚೇರಿಗಳದ್ದೇ. ಕಣ್ಣು ಕಾಣದ ಗುಮಾಸ್ತರು ಕಂಪ್ಯೂಟರ್ ಬಳಸುವುದು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಿಂದ. ಮೊದಲು ಬಂದ ಜಾಸ್ ತುಂಬ ದುಬಾರಿ. 2006ರಲ್ಲಿ ಬಂದ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿದ್ದರೆ ಮಾತ್ರ. ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ಬೆರಳಚ್ಚಾದದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ನಮ್ಮ ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುವ ಆ ಕಡತವನ್ನು ಓದುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಓದುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಟ್ಟ ಸುತ್ತೋಲೆ ಎದುರಾದರೆ ಅದು ಬಾಯೇ ಬಿಡುವುದಿಲ್ಲ, ಅದಕ್ಕೆ ಅದು ಬರೀ ಚಿತ್ರ. ಹೀಗೆ ಮೀಸಲಾತಿಯಲ್ಲಿ ನೌಕರಿಗೆ ಬಂದ ಪದವೀಧರರು ಕೆಲಸವಿಲ್ಲದೆ ಕೂರಬೇಕಾಗುತ್ತದೆ. ಆಮೇಲೆ ‘ಅವರಿಂದ ಏನೂ ಆಗಲ್ಲ’ ಎಂಬ ಮಾತು ಹುಟ್ಟುತ್ತದೆ. ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಅವರಿಗೆ ಬೇಕಾದದ್ದು ಅಷ್ಟೇ.

ಇಂಥ ಬದಲಾವಣೆಯನ್ನೇ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸೂಕ್ತ ಹೊಂದಾಣಿಕೆ ಎಂದು ಕರೆಯಿತು. 2007ರಲ್ಲಿ ಭಾರತ ಒಪ್ಪಿದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯಿಂದ ಬಂದ ತತ್ವ ಅದು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ, ಸರ್ಕಾರಿ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ ಇರುವವರಿಗೆ ಮೊದಲ ಬಾರಿ ಪಾಲು ಸಿಕ್ಕಿತು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅದರಲ್ಲಿ ಸೌಲಭ್ಯಗಳ ವಿವರ ಇರಬೇಕು, ಅಂಗವಿಕಲರ ನೇಮಕಾತಿ ನೋಡಿಕೊಳ್ಳಲು ಸಂಪರ್ಕಾಧಿಕಾರಿಯನ್ನು ನೇಮಿಸಬೇಕು.

ಆದರೆ ಹಳೆಯ ಕಲಂ 47ರ ಜಾಗಕ್ಕೆ ಬಂದ ಕಲಂ 20(4) ನೋಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ ಎಂಬ ರಕ್ಷಣೆ ಅಲ್ಲಿಯೂ ಸರ್ಕಾರಿ ಸಂಸ್ಥೆಗಳಿಗಷ್ಟೇ. ಪೀಣ್ಯದ ಖಾಸಗಿ ಕಾರ್ಖಾನೆಯಲ್ಲಿ ಪ್ರೆಸ್‌ಗೆ ಕೈ ಸಿಕ್ಕಿ ಬೆರಳು ಕಳೆದುಕೊಂಡವರಿಗೆ ಪರಿಹಾರದ ಹಣ ಸಿಗಬಹುದು. ಅದೇ ಕಾರ್ಖಾನೆಯಲ್ಲಿ ಬೇರೆ ಕೆಲಸ ಕೊಡಿ ಎಂದು ಈ ಕಲಂ ತೋರಿಸಿ ಕೇಳಲು ಅವರಿಗೆ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ತುರ್ತಾಗಿ ತಿದ್ದಬೇಕಾದ ಸಾಲು ಇದೇ.

ಅಂಕಿಸಂಖ್ಯೆಯೂ ಸಮಾಧಾನ ಕೊಡುವುದಿಲ್ಲ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಅಂಗವಿಕಲರಲ್ಲಿ ಕೆಲಸದಲ್ಲಿದ್ದವರು ಅಥವಾ ಕೆಲಸ ಹುಡುಕುತ್ತಿದ್ದವರು ಶೇ 23.8. ಉಳಿದವರು ಹುಡುಕಾಟದ ಲೆಕ್ಕಕ್ಕೇ ಬಂದಿಲ್ಲ. ಹುಡುಕದವರು ನಿರುದ್ಯೋಗಿಗಳ ಲೆಕ್ಕಕ್ಕೂ ಸೇರುವುದಿಲ್ಲ. ಆದ್ದರಿಂದ ನಿರುದ್ಯೋಗದ ಪ್ರಮಾಣವೊಂದನ್ನೇ ಓದಿದರೆ ಎಲ್ಲ ಚೆನ್ನಾಗಿದೆ ಅನಿಸಿಬಿಡುತ್ತದೆ.

ನ್ಯಾಯಾಲಯದ ಬಾಗಿಲು ಬಡಿಯುವುದಂತೂ ಇನ್ನೂ ನಿಂತಿಲ್ಲ. ದೃಷ್ಟಿದೋಷ ಉಳ್ಳವರನ್ನು ನ್ಯಾಯಾಧೀಶರ ನೇಮಕದಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2025ರ ಮಾರ್ಚ್‌ನಲ್ಲಿ.

ಹಳ್ಳಿಗಳಲ್ಲಿ ಈ ಕಾಯ್ದೆ, ಈ ತೀರ್ಪುಗಳನ್ನು ಜನರಿಗೆ ಮುಟ್ಟಿಸುವವರು ಯಾರು? ಕರ್ನಾಟಕದಲ್ಲಿ ಅದಕ್ಕೆಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಲ್ಲೆಲ್ಲ ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಅವರೂ ಅಂಗವಿಕಲರೇ. ಮನೆಮನೆಗೆ ಹೋಗಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸುವುದು, ಬಸ್ ಪಾಸ್ ಮಾಡಿಸುವುದು, ತರಬೇತಿಗೆ ಹುಡುಗರನ್ನು ಹುಡುಕಿ ಕಳಿಸುವುದು, ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಅಂಗವಿಕಲರಿಗೆ ಆಗುವ ಕೆಲಸ ಕೊಡಿಸುವುದು, ಎಲ್ಲ ಇವರ ಪಾಲಿಗೆ. ಕೆಲಸ ಬಿಟ್ಟು ಊರಿಗೆ ಬಂದವರನ್ನು ಮೊದಲು ಭೇಟಿಯಾಗುವವರೂ ಇವರೇ. ಯಾಕೆ ಬಿಟ್ಟು ಬಂದರು ಎಂಬುದು ಇವರಿಗೆ ಗೊತ್ತಿರುತ್ತದೆ. ಅದನ್ನು ದಾಖಲಿಸಿ ಆ ಕಂಪನಿಗೋ ತರಬೇತಿ ಸಂಸ್ಥೆಗೋ ತಿಳಿಸುವ ವ್ಯವಸ್ಥೆಯೊಂದನ್ನು ಸರ್ಕಾರ ಕಟ್ಟಬಹುದು. ಅದಕ್ಕೂ ಮೊದಲು ಇವರ ನೌಕರಿಯದೇ ಒಂದು ತೀರ್ಮಾನ ಆಗಬೇಕು. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಸೇವೆ ಕಾಯಂ ಮಾಡಿ ಎಂದು ಬೆಂಗಳೂರಿಗೆ ಬಂದು ಧರಣಿ ಕೂತವರಲ್ಲಿ ಇವರೂ ಇದ್ದಾರೆ.