ಮೇವಿನ ಲೆಕ್ಕ ಸರಿ, ಕೊನೆಯ ದಿನದ ಲೆಕ್ಕ?

ಬೆಳೆಯುವ ಮಕ್ಕಳಿರುವ ಮನೆಯವರು ಅಂಗಡಿ ಬಿಟ್ಟು ನೇರವಾಗಿ ಫಾರ್ಮಿನಿಂದಲೇ ಮಾಂಸ ತರಲು ಹೊರಟರೆ ಮೊದಲು ಕೇಳುವುದು, "ಏನು ಮೇವು ಹಾಕ್ತೀರಿ?" ಎಂದು. ಕೇಳಬೇಕಾದದ್ದೇ. ಆದರೆ ತಿಂಗಳುಗಟ್ಟಲೆ ಜತನದಿಂದ ಸಾಕಿದ ಪ್ರಾಣಿಯ ಮಾಂಸವನ್ನೂ ಕೊನೆಯ ಒಂದು ದಿನದ ಗಡಿಬಿಡಿ ಹಾಳುಮಾಡಬಲ್ಲದು. ಆ ದಿನದ ಬಗ್ಗೆ ವಿಚಾರಿಸುವವರು ಕಡಿಮೆ.

ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣಿಯನ್ನು ಕೊಯ್ದೊಡನೆ ರಕ್ತದ ಹರಿವು ನಿಲ್ಲುತ್ತದೆ, ಆಮ್ಲಜನಕ ಬರುವುದಿಲ್ಲ. ಆದರೂ ಸ್ನಾಯುಕೋಶಗಳು ಕೂಡಲೇ ಸುಮ್ಮನಾಗುವುದಿಲ್ಲ. ಇರುವ ಗ್ಲೈಕೋಜನನ್ನೇ ಒಡೆದು ಶಕ್ತಿ ಪಡೆಯುತ್ತವೆ, ಆಗ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಬದುಕಿದ್ದಾಗ 7ರ ಆಸುಪಾಸಿನಲ್ಲಿದ್ದ ಈ ಪಿಎಚ್, ದನದಂಥ ದೊಡ್ಡ ಪ್ರಾಣಿಗಳಲ್ಲಿ ಸುಮಾರು 24 ಗಂಟೆಯೊಳಗೆ 5.5ರ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯ ಮಾಂಸದ ಬಣ್ಣ, ರುಚಿ, ಬಾಳಿಕೆ ಎಲ್ಲವೂ ಈ ಇಳಿತವನ್ನು ನೆಚ್ಚಿಕೊಂಡಿವೆ. ಹುಳಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾಗಳ ಆಟ ನಿಧಾನ.

ಈಗ ಅದೇ ಪ್ರಾಣಿಯನ್ನು ಲಾರಿಗೆ ತುಂಬಿ, ನೀರಿಲ್ಲದೆ ಗಂಟೆಗಟ್ಟಲೆ ಸಾಗಿಸಿ, ಗುರುತಿಲ್ಲದ ಪ್ರಾಣಿಗಳ ಜೊತೆ ಕೂಡಿಹಾಕಿದರು ಎನ್ನಿ. ಹೆದರಿಕೆ, ಗುದ್ದಾಟ, ಆಯಾಸಗಳಲ್ಲೇ ಗ್ಲೈಕೋಜನ್ ಕರಗಿಹೋಗುತ್ತದೆ. ಕೊಯ್ದ ಮೇಲೆ ಆಮ್ಲವಾಗಲು ಏನೂ ಉಳಿದಿರುವುದಿಲ್ಲ. ಅಂಥ ಮಾಂಸ ಕಪ್ಪುಗೆಂಪು ಬಣ್ಣಕ್ಕಿರುತ್ತದೆ. ಮೇಲ್ಮೈಯಲ್ಲಿ ಪಸೆ ಕಾಣುವುದಿಲ್ಲ, ಬೆರಳಿಟ್ಟರೆ ಅಂಟುತ್ತದೆ, ಒತ್ತಿದರೆ ಗಟ್ಟಿ. ಬೇಗ ಕೆಡುತ್ತದೆ ಕೂಡ. ಹಂದಿಗಳಲ್ಲಿ ಇದರ ತದ್ವಿರುದ್ಧವೂ ಆಗುವುದುಂಟು. ಕೊಯ್ಯುವ ಗಳಿಗೆಯಲ್ಲಿ ಗಾಬರಿಯಾದರೆ, ಮೈ ಇನ್ನೂ ಬಿಸಿಯಿರುವಾಗಲೇ ಆಮ್ಲ ರಭಸದಿಂದ ಹೆಚ್ಚಿ ಪ್ರೋಟೀನುಗಳು ಕೆಡುತ್ತವೆ. ಸಿಗುವುದು ಬಿಳಿಚಿಕೊಂಡ, ಮೆತ್ತಗಿನ, ನೀರು ಬಿಡುವ ಮಾಂಸ.

ಹಾಗಾಗಿ ಫಾರ್ಮಿನವರನ್ನು ಕೇಳಬೇಕಾದದ್ದು: ಎಲ್ಲಿ ಕೊಯ್ಯಿಸುತ್ತೀರಿ, ಎಷ್ಟು ಹೊತ್ತಿನ ಪ್ರಯಾಣ, ಇಳಿಸಿದ ಮೇಲೆ ನೀರು, ವಿಶ್ರಾಂತಿ ಉಂಟೇ? ಇದಕ್ಕೆ ತಡವರಿಸದೆ ಉತ್ತರಿಸುವವರ ಮೇಲೆ ನನಗೆ ಹುಲ್ಲುಗಾವಲಿನ ಚಂದದ ಫೋಟೋ ತೋರಿಸುವವರಿಗಿಂತ ಹೆಚ್ಚು ನಂಬಿಕೆ.

"ಈಗಷ್ಟೇ ಕೊಯ್ದದ್ದು" ಎನ್ನುವುದೂ ಅಂಥ ಹೆಗ್ಗಳಿಕೆಯೇನಲ್ಲ. ಶಕ್ತಿ ಮುಗಿಯುತ್ತಲೇ ಸ್ನಾಯುವಿನ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಸೆಟೆಯುತ್ತವೆ. ಆಮೇಲೆ ಕ್ಯಾಲ್ಪೇನ್ ಮುಂತಾದ ಕಿಣ್ವಗಳು ಎಳೆಗಳ ಕಟ್ಟನ್ನು ಮೆಲ್ಲಗೆ ಕತ್ತರಿಸುತ್ತಾ ಮಾಂಸವನ್ನು ಮೆದು ಮಾಡುತ್ತವೆ. ಕೋಳಿಗೆ ಕೆಲವೇ ಗಂಟೆ ಸಾಕು. ದನದ ಮಾಂಸವನ್ನು ತಣ್ಣನೆಯ ಕೋಣೆಯಲ್ಲಿ 10ರಿಂದ 14 ದಿನ ತೂಗುಹಾಕುವುದುಂಟು. ಸೆಟೆಯುವ ಮೊದಲೇ ಬಿಸಿ ಮಾಂಸವನ್ನು ತಂದು ಫ್ರೀಜರಿಗೆ ತುರುಕಿದರೆ ಕಥೆ ಮುಗಿಯಿತು. ಕರಗುವಾಗ ಎಳೆಗಳು ಬಲವಾಗಿ ಕುಗ್ಗಿ, ರಸವೆಲ್ಲ ಸೋರಿ, ಮಾಂಸ ರಬ್ಬರಿನಂತಾಗುತ್ತದೆ. ಅಂದಹಾಗೆ, ಪ್ಯಾಕೆಟ್ಟಿನ ತಳದಲ್ಲಿ ನಿಲ್ಲುವ ಕೆಂಪು ದ್ರವ ಹೆಚ್ಚುಕಡಿಮೆ ನೀರು. ಅದಕ್ಕೆ ಬಣ್ಣ ಕೊಡುವುದು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್.

ಹಾಗಾದರೆ ಮೇವು ಲೆಕ್ಕಕ್ಕಿಲ್ಲವೇ? ಇದೆ. ಹಸಿರು ಹುಲ್ಲು ಮೇಯ್ದ ದನದ ಕೊಬ್ಬು ಬೀಟಾ ಕ್ಯಾರೊಟಿನ್‌ನಿಂದಾಗಿ ಹಳದಿ ತಿರುಗಿರುತ್ತದೆ, ಅದರಲ್ಲಿ ಒಮೇಗಾ-3 ಎಂಬ ಕೊಬ್ಬಿನಾಮ್ಲ ತುಸು ಹೆಚ್ಚು. ಆದರೆ ಕೊಬ್ಬಿರುವ ಮೀನಿನ ಮುಂದೆ ಆ ಪ್ರಮಾಣ ಚಿಕ್ಕದು. ರುಚಿಗೋ ಪ್ರಾಣಿಯ ನೆಮ್ಮದಿಗೋ ಹೆಚ್ಚು ದುಡ್ಡು ಕೊಡಿ, ಒಮೇಗಾ-3 ಹೆಸರಿನಲ್ಲಿ ಬೇಡ.

ಆ್ಯಂಟಿಬಯಾಟಿಕ್ ವಿಷಯದಲ್ಲಿ, "ಔಷಧಿ ಮುಟ್ಟಿಸಿಯೇ ಇಲ್ಲ" ಎಂಬ ಮಾತು ಕೇಳಲು ಹಿತ. ಕಾಯಿಲೆ ಬಿದ್ದ ಪ್ರಾಣಿಗೆ ಚಿಕಿತ್ಸೆ ಕೊಡದಿರುವುದು ಕ್ರೌರ್ಯ. ಔಷಧಿ ನಿಲ್ಲಿಸಿದ ಮೇಲೆ ನಿಗದಿತ ದಿನಗಳು ಕಳೆದೇ ಕೊಯ್ದರೇ, ಅದನ್ನು ಬರೆದಿಟ್ಟಿದ್ದಾರೆಯೇ ಎಂಬುದಷ್ಟೇ ಮುಖ್ಯ. ಬೇಗ ಕೊಬ್ಬಿಸಲೆಂದು ಮೇವಿನಲ್ಲಿ ಬೆರೆಸುವುದು ಬೇರೆ ಮಾತು. ಐರೋಪ್ಯ ಒಕ್ಕೂಟ ಅದನ್ನು 2006ರಲ್ಲೇ ನಿಷೇಧಿಸಿತು.

ಮಕ್ಕಳ ಮಟ್ಟಿಗೆ ಮಾಂಸದ ದೊಡ್ಡ ಕೊಡುಗೆ ಕಬ್ಬಿಣ. ಅಮೆರಿಕದ ಶಿಫಾರಸಿನಂತೆ 7ರಿಂದ 12 ತಿಂಗಳ ಕೂಸಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕು, ವಯಸ್ಕ ಗಂಡಸಿಗೆ 8 ಸಾಕು! ಮಾಂಸದಲ್ಲಿರುವ ಹೀಮ್ ಕಬ್ಬಿಣವನ್ನು ದೇಹ ಸಲೀಸಾಗಿ ಹೀರಿಕೊಳ್ಳುತ್ತದೆ. ಜೊತೆಗಿರುವ ಬೇಳೆ, ಸೊಪ್ಪಿನ ಕಬ್ಬಿಣ ಹೀರಿಕೊಳ್ಳಲೂ ಮಾಂಸ ನೆರವಾಗುತ್ತದೆ. ಆದ್ದರಿಂದ ತುಂಬ ಮಾಂಸ ಬೇಕಿಲ್ಲ, ದುಬಾರಿ ತುಂಡುಗಳೂ ಬೇಕಿಲ್ಲ. ಸದಾ ದುಡಿಯುವ ಕಾಲು, ಕುತ್ತಿಗೆಯ ಮಾಂಸ ಗಟ್ಟಿ, ಹಾಗಾಗಿ ಅಗ್ಗ. ಅದರಲ್ಲಿ ಹೆಚ್ಚಾಗಿರುವ ಕೊಲಾಜನ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದರೆ ಜೆಲಟಿನ್ ಆಗಿ ಕರಗುತ್ತದೆ.

ಇಡೀ ಪ್ರಾಣಿಯನ್ನೇ ಕೊಳ್ಳುವಿರಾದರೆ ದರ ಯಾವ ತೂಕದ ಮೇಲೆ ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕುರಿಯ ಜೀವತೂಕ 40 ಕಿಲೋ ಇದ್ದರೆ ಚರ್ಮ, ಕರುಳು, ತಲೆ ಕಳೆದು ಉಳಿಯುವುದು ಹೆಚ್ಚೆಂದರೆ 20. ಅದರಲ್ಲೂ ಮೂಳೆಯ ಪಾಲಿದೆ. ಮನೆಗೆ ತಂದದ್ದನ್ನು ಒಂದೊಂದು ಹೊತ್ತಿಗಾಗುವಷ್ಟು ಚಪ್ಪಟೆ ಪೊಟ್ಟಣ ಮಾಡಿ ಮೈನಸ್ 18 ಡಿಗ್ರಿಯಲ್ಲಿಡಿ. ದಪ್ಪ ಗಂಟು ನಿಧಾನವಾಗಿ ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಕೋಶಗಳನ್ನು ಸೀಳುತ್ತವೆ. ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಸಾಲ್ಮೊನೆಲ್ಲಾಕ್ಕೆ ಫಾರ್ಮ್ ಯಾವುದೆಂಬ ಭೇದವೂ ಇಲ್ಲ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಖೀಮಾ ಮಾಡುವಾಗ ಮೇಲ್ಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆಯುವುದರಿಂದ ಅದಕ್ಕೆ 71.

ಇಡೀ ಪ್ರಾಣಿಯ ಜೊತೆ ಈಲಿಯೂ ಬರುತ್ತದೆ. ಕಬ್ಬಿಣ, ಬಿ12, ವಿಟಮಿನ್ ಎ ತುಂಬಿದ ಅಂಗ ಅದು. ಆದರೆ ವಿಟಮಿನ್ ಎ ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮನೆಯಲ್ಲಿ ಬಸುರಿ ಇದ್ದರೆ ಈಲಿ ಉಳಿದವರ ತಟ್ಟೆಗೇ ಹೋಗಲಿ. ಅವರಿಗೂ ಅಪರೂಪಕ್ಕೆ, ಸ್ವಲ್ಪವೇ.